ಹೆಬ್ಬೆರಳಿಗೆ ಸಿಟ್ಟು, ಅಂಗೈಗೆ ಸುಖ: ಫೇಸ್‌ಲಿಫ್ಟ್ ಆದ ಲಕ್ಷುರಿ ಸೆಡಾನ್‌ನ ದೀರ್ಘ ಬಳಕೆ

ಹೊಸ ಗ್ರಿಲ್ಲು, ಹೊಸ ಲೈಟು, ಎಂಜಿನ್ನಿನ ಅಶ್ವಶಕ್ತಿ ಎಲ್ಲ ಬ್ರೋಷರ್‌ನಲ್ಲೇ ಇದೆ, ಅದರ ತಂಟೆ ಇಲ್ಲಿ ಬೇಡ. ಈ ಸೆಡಾನ್ ಅರ್ಧ ಆಯಸ್ಸಿನಲ್ಲಿ ಮಾಡಿಸಿಕೊಂಡ ಶೃಂಗಾರದಲ್ಲಿ, ಅಂದರೆ ಫೇಸ್‌ಲಿಫ್ಟ್‌ನಲ್ಲಿ, ದಿನಾ ಕೈಗೆ ತಾಗುವ ಬದಲಾವಣೆ ಒಂದೇ, ಅದು ಸ್ಟೀರಿಂಗ್. ಹಳೆಯದರಲ್ಲಿ ಸ್ಪೋಕ್‌ಗಳ (ನಡುಭಾಗದಿಂದ ದುಂಡನೆ ಬಳೆಗೆ ಚಾಚಿದ ತೋಳುಗಳ) ಮೇಲೆ ಟಿಕ್ ಎನ್ನುವ ಬಟನ್‌ಗಳಿದ್ದವು, ವಾಲ್ಯೂಮ್‌ಗೆ ಹೆಬ್ಬೆರಳಿನಲ್ಲಿ ಉರುಳಿಸುವ ಪುಟ್ಟ ಚಕ್ರವಿತ್ತು. ಈಗ ಅಲ್ಲಿ ಫಳಫಳ ಹೊಳೆಯುವ ಕಪ್ಪು ಟಚ್ ಪಟ್ಟಿ ಬಂದು ಕೂತಿದೆ. ಶೋರೂಮಿನ ಬೆಳಕಲ್ಲಿ ಚಂದ. ಓಡಿಸುವಾಗ ತಲೆನೋವು.

ಬಟನ್‌ಗೆ ಒತ್ತಡ ಬೇಕು, ಟಚ್ ಪಟ್ಟಿಗೆ ಬೆರಳು ಹತ್ತಿರ ಬಂದರೆ ಸಾಕು. ಬೇಕೆಂದು ಮುಟ್ಟಿದ್ದು ಯಾವುದು, ಸುಮ್ಮನೆ ಸವರಿ ಹೋದದ್ದು ಯಾವುದು ಎಂದು ಅದಕ್ಕೆ ಸರಿಯಾಗಿ ಗೊತ್ತಾಗುವುದಿಲ್ಲ. ಹಾಗಾಗಿ ನೇರ ರಸ್ತೆಯಲ್ಲಿ ತೊಂದರೆ ಕಮ್ಮಿ. ಯೂ-ಟರ್ನ್ ಹೊಡೆಯುವಾಗ, ಪಾರ್ಕಿಂಗ್‌ನಲ್ಲಿ ಸ್ಟೀರಿಂಗನ್ನು ಪೂರ್ತಿ ತಿರುಗಿಸುವಾಗ ಹೆಬ್ಬೆರಳಿನ ಬುಡ ಪಟ್ಟಿಗೆ ತಾಗುತ್ತದೆ. ಹಾಡು ಬದಲಾಗುತ್ತದೆ, ಇಲ್ಲವೇ ಮೀಟರಿನಲ್ಲಿದ್ದ ನ್ಯಾವಿಗೇಶನ್ ಹೋಗಿ ಇನ್ನೇನೋ ಪುಟ ಬರುತ್ತದೆ. ಹಿಂದೆ ಮಗು ಮಲಗಿರುವಾಗಲೇ ವಾಲ್ಯೂಮ್ ಒಮ್ಮೆಲೇ ಏರುತ್ತದೆ.

ವಾಲ್ಯೂಮ್ ಪಟ್ಟಿಯದು ಬೇರೆಯದೇ ಕಥೆ. ಬೆರಳನ್ನು ಮೆಲ್ಲಗೆ ಎಳೆದರೆ ಒಂದೊಂದೇ ಮೆಟ್ಟಿಲು, ಚುರುಕಾಗಿ ಎಳೆದರೆ ಏಳೆಂಟು ಮೆಟ್ಟಿಲು. ಎರಡು ಮೆಟ್ಟಿಲು ಇಳಿಸಲು ಹೋಗಿ ಪೂರ್ತಿ ಮೌನವಾದರೆ ಮತ್ತೆ ಏರಿಸಬೇಕು, ಅಷ್ಟರಲ್ಲಿ ಕಣ್ಣು ರಸ್ತೆ ಬಿಟ್ಟು ಕೆಳಗೆ ಬಂದಿರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡ್ ಕಣ್ಣು ತಪ್ಪಿದರೆ ಕಾರು 33 ಮೀಟರ್ ಮುಂದೆ ಹೋಗಿರುತ್ತದೆ.

ಇದು ಹಳೇ ಕಾಲದವರ ಗೊಣಗಾಟ ಎನ್ನುವವರಿಗೆ ಒಂದು ಲೆಕ್ಕ. ಸ್ವೀಡನ್ನಿನ ವಿ ಬಿಲ್ಯೇಗರೆ ಪತ್ರಿಕೆ 2022ರಲ್ಲಿ ಗಂಟೆಗೆ 110 ಕಿ.ಮೀ. ವೇಗದಲ್ಲಿ ಕಾರುಗಳ ನಿಯಂತ್ರಣಗಳನ್ನು ಪರೀಕ್ಷಿಸಿತ್ತು. ಬರೀ ಬಟನ್‌ಗಳಿದ್ದ 2005ರ ವೋಲ್ವೋ ವಿ70ಯಲ್ಲಿ ಕೊಟ್ಟ ಕೆಲಸಗಳೆಲ್ಲ 10 ಸೆಕೆಂಡಿನಲ್ಲಿ ಮುಗಿದವು, ಎಲ್ಲಕ್ಕಿಂತ ಹಿಂದೆ ಬಿದ್ದ ಹೊಸ ಕಾರಿಗೆ 44.6 ಸೆಕೆಂಡ್ ಹಿಡಿಯಿತು. ಅದು ಪರದೆಯ ಪರೀಕ್ಷೆ, ಸ್ಟೀರಿಂಗಿನದಲ್ಲ, ಒಪ್ಪಿದೆ. ಆದರೆ ರೋಗ ಅದೇ. ಕಾರುಗಳ ಸುರಕ್ಷತೆ ಪರೀಕ್ಷಿಸಿ ಅಂಕ ಕೊಡುವ ಯೂರೋ ಎನ್‌ಕ್ಯಾಪ್ ಸಂಸ್ಥೆ ಕೂಡ 2026ರ ನಿಯಮಗಳಲ್ಲಿ ಇಂಡಿಕೇಟರ್, ಹಜಾರ್ಡ್ ಲೈಟ್, ಹಾರ್ನ್, ವೈಪರ್ ಮತ್ತು ತುರ್ತು ಕರೆಗೆ ನಿಜವಾದ ಬಟನ್ ಅಥವಾ ಕಡ್ಡಿ ಇರಬೇಕೆಂದು ಅಂಕ ಇಟ್ಟಿದೆ. ವಾಲ್ಯೂಮ್ ಆ ಐದರಲ್ಲಿಲ್ಲ, ಅದೇ ಬೇಜಾರು.

ಇದಕ್ಕೆ ಮದ್ದು ಸ್ವಲ್ಪ ಇದೆ. ವಾಲ್ಯೂಮ್ ಪಟ್ಟಿಯನ್ನು ಎಳೆಯಬೇಡಿ, ಅದರ ತುದಿಯನ್ನು ತಟ್ಟಿ. ಒಂದು ತಟ್ಟಿಗೆ ಒಂದೇ ಮೆಟ್ಟಿಲು. ಸ್ಟೀರಿಂಗನ್ನು ಗಡಿಯಾರದ ಒಂಬತ್ತು ಮತ್ತು ಮೂರರ ಜಾಗದಲ್ಲಿ ಹಿಡಿದು ಹೆಬ್ಬೆರಳನ್ನು ಬಳೆಯ ಮೇಲೆಯೇ ಇಡಿ, ಸ್ಪೋಕಿನ ಮೇಲೆ ಒರಗಿಸಬೇಡಿ. ತಿರುಗಿಸುವಾಗ ಕೈ ಮೇಲೆ ಕೈ ದಾಟಿಸುವ ಬದಲು ಒಂದು ಕೈಯಿಂದ ಎಳೆದು ಇನ್ನೊಂದಕ್ಕೆ ದಾಟಿಸಿದರೆ ಆಕಸ್ಮಿಕ ತಾಗುವಿಕೆ ಅರ್ಧಕ್ಕರ್ಧ ತಪ್ಪುತ್ತದೆ. ಸೆಟ್ಟಿಂಗ್‌ನಲ್ಲಿ ಟಚ್ ಸೂಕ್ಷ್ಮತೆ ಇಳಿಸುವ ಆಯ್ಕೆ ಇದ್ದರೆ ಮೊದಲ ದಿನವೇ ಇಳಿಸಿಬಿಡಿ.

ಪಟ್ಟಿ ಕೊಳೆಯಾದರೆ ಕಾಟ ಇನ್ನೂ ಹೆಚ್ಚು. ಕೈಯ ಕ್ರೀಮು, ಬೆವರು, ಎಣ್ಣೆ ಸೇರಿ ತೆಳ್ಳಗೆ ಒಂದು ಪದರ ಕೂರುತ್ತದೆ. ಒದ್ದೆ ಬೆರಳಲ್ಲಿ ಮುಟ್ಟಿದರೆ ಬೆರಳು ತೆಗೆದ ಮೇಲೂ ನೀರಿನ ಹನಿಯೇ ಬೆರಳಂತೆ ಕೆಲಸ ಮಾಡುತ್ತದೆ. ಒರೆಸುವುದಕ್ಕೂ ಒಂದು ಕ್ರಮವಿದೆ. ಮೊದಲು ಕಾರು ಆಫ್ ಮಾಡಿ, ಪರದೆ ಪೂರ್ತಿ ಕಪ್ಪಾಗುವ ತನಕ ಕಾಯಿರಿ, ಇಲ್ಲದಿದ್ದರೆ ಬಟ್ಟೆ ಆಡಿದಂತೆಲ್ಲ ಮೆನು ಕುಣಿಯುತ್ತದೆ. ಮೈಕ್ರೋಫೈಬರ್ ಬಟ್ಟೆಯ ಒಂದು ಮೂಲೆಯನ್ನು ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿ, ಪಟ್ಟಿಯ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಎರಡು ಸಲ ಎಳೆದು, ಒಣ ಮೂಲೆಯಿಂದ ಒರೆಸಿ. ಟಿಶ್ಯೂ ಕಾಗದ ಬೇಡವೇ ಬೇಡ, ಆ ಕಪ್ಪು ಹೊಳಪಿನ ಮೇಲೆ ಕೂದಲೆಳೆಯಂಥ ಗೀರು ಬೀಳುತ್ತದೆ. ಅಮೋನಿಯ ಇರುವ ಗ್ಲಾಸ್ ಕ್ಲೀನರ್ ಕೂಡ ಬೇಡ, ಹೊಳಪು ಮಂಕಾಗುತ್ತದೆ.

ಇಷ್ಟೆಲ್ಲ ಬೈದ ಮೇಲೂ ಅದೇ ಸ್ಟೀರಿಂಗಿಗೆ ಒಂದು ನಮಸ್ಕಾರ ಹೇಳಲೇಬೇಕು. ಸ್ಪೋಕ್ ಕೆಡಿಸಿದ ತಂತ್ರವೇ ಬಳೆಗೆ ಬಂದು ಹೆದ್ದಾರಿಯನ್ನು ಸಲೀಸು ಮಾಡಿದೆ.

ಹಳೆಯ ಕಾರಿನಲ್ಲಿ ಲೇನ್ ಅಸಿಸ್ಟ್ (ಕಾರನ್ನು ತನ್ನ ಲೇನ್ ಒಳಗೇ ಇರಿಸುವ ವ್ಯವಸ್ಥೆ) ಹಾಕಿದಾಗ ಕೈ ಸ್ಟೀರಿಂಗಿನ ಮೇಲಿದೆಯೇ ಎಂದು ಕಾರು ತಿಳಿಯುತ್ತಿದ್ದದ್ದು ತಿರುಚುವ ಬಲದಿಂದ. ನೇರ ರಸ್ತೆಯಲ್ಲಿ ಎರಡೂ ಕೈಯಿಂದ ಶಿಸ್ತಾಗಿ ಹಿಡಿದವರು ಸ್ಟೀರಿಂಗನ್ನು ತಿರುಚುವುದಿಲ್ಲ, ಆದ್ದರಿಂದ ಬೈಗುಳ ಬೀಳುತ್ತಿದ್ದದ್ದು ಅವರಿಗೇ. ‘ಕೈ ಇಡಿ’ ಎಂದು ಚಿತ್ರ, ಆಮೇಲೆ ಟಣ್ ಟಣ್. ಪ್ರತಿ ಸಲ ಸ್ಟೀರಿಂಗನ್ನು ಸ್ವಲ್ಪ ಅಲುಗಾಡಿಸಿ ಸಮಾಧಾನ ಮಾಡಬೇಕಿತ್ತು. ಹೊಸದರಲ್ಲಿ ಚರ್ಮದ ಹೊದಿಕೆಯ ಕೆಳಗೆ ಸೆನ್ಸರ್ ಹಾಸಿದ್ದಾರೆ, ಅಂಗೈ ತಾಗಿದ ಕೂಡಲೇ ವಿದ್ಯುತ್ ಕ್ಷೇತ್ರ ಬದಲಾಗಿ ಕಾರಿಗೆ ತಿಳಿಯುತ್ತದೆ. ಕೆಳಭಾಗದಲ್ಲಿ ಎರಡು ಬೆರಳು ಇಟ್ಟು ಕೂತರೂ ಅದು ತೆಪ್ಪಗಿರುತ್ತದೆ. ಮೂರು ಗಂಟೆ ಹೆದ್ದಾರಿಯಲ್ಲಿ ಓಡಿಸಿ ಇಳಿದಾಗ ಭುಜ ಹಗುರ ಎನಿಸುವುದು ಸೀಟಿನಿಂದಲ್ಲ, ಇದರಿಂದ.

ಒಂದು ಎಚ್ಚರಿಕೆ: ಸ್ಟೀರಿಂಗಿಗೆ ಕವರ್ ಹಾಕಿಸಬೇಡಿ. ದಪ್ಪ ಕವರು ಸೆನ್ಸರ್ ಮತ್ತು ಕೈಯ ನಡುವೆ ಅಂತರ ಹೆಚ್ಚಿಸುತ್ತದೆ, ಕೈ ಇದ್ದರೂ ಕಾರಿಗೆ ಕಾಣುವುದಿಲ್ಲ. ಕೊನೆಗೆ ಅದು ತಾನೇ ನಿಧಾನಿಸಿ ನಿಲ್ಲಲು ಹೊರಡಬಹುದು. ದಪ್ಪ ಗ್ಲೌಸ್ ಹಾಕಿದರೂ ಇದೇ ಕಥೆ.

ಇನ್ನೊಂದು ಸಂತೋಷ ಗಾಜಿನದು. ಫೇಸ್‌ಲಿಫ್ಟ್ ಎಂದರೆ ಎಲ್ಲರ ಕಣ್ಣೂ ಮೂತಿಯ ಮೇಲೆ. 2019ರಲ್ಲಿ ಬಿಎಂಡಬ್ಲ್ಯು 7 ಸೀರೀಸ್‌ನ ಗ್ರಿಲ್ 40 ಪ್ರತಿಶತ ದೊಡ್ಡದಾದಾಗ ಮೂಗಿಗಿಂತ ಮೂಗುತಿ ಭಾರ ಎಂದು ನಕ್ಕವರೇ ಹೆಚ್ಚು. ಅದೇ ಕಾರಿನ ಕಿಟಕಿ ಗಾಜು 5.1 ಮಿ.ಮೀ. ದಪ್ಪವಾದದ್ದನ್ನು ಮಾತಾಡಿದವರು ಕಮ್ಮಿ. ಇಲ್ಲೂ ಹಾಗೇ. ಬಾಗಿಲನ್ನು ಮೆಲ್ಲಗೆ ತಂದು ಬಿಟ್ಟರೆ ಮೋಟಾರ್ ಒಳಗೆ ಎಳೆದುಕೊಳ್ಳುತ್ತದೆ, ಆ ಕ್ಷಣ ಹೊರಗಿನ ಹಾರ್ನು, ಗಲಾಟೆ ಎಲ್ಲ ಯಾರೋ ಕಂಬಳಿ ಹೊದಿಸಿದಂತೆ ಅಡಗುತ್ತದೆ. ಎಂಜಿನ್ ಚಾಲೂ ಮಾಡದೆ ಅರ್ಧ ನಿಮಿಷ ಸುಮ್ಮನೆ ಕೂರುವ ಚಟ ಹತ್ತುವುದು ಇಲ್ಲೇ. ಬಾಗಿಲನ್ನು ಧಡಾರನೆ ಹಾಕುವವರಿಗೆ ಮಾತ್ರ ಮೊದಲೇ ಹೇಳಿಡಿ, ಆ ಮೋಟಾರ್ ಇರುವುದು ಮೆಲ್ಲಗೆ ಬಿಡುವವರಿಗಾಗಿ.

ಆ ಮೌನವನ್ನು ಹಾಳು ಮಾಡುವುದು ದೊಡ್ಡ ವೀಲು. ಇಂಥ ಸೆಡಾನ್‌ಗಳ ಮುಂದಿನ ಟೈರ್ ಅಳತೆ ನೋಡಿ (ಮೊದಲು ಮಿ.ಮೀ.ನಲ್ಲಿ ಅಗಲ, ಆಮೇಲೆ ಪಕ್ಕದ ಎತ್ತರ ಅಗಲದ ಎಷ್ಟು ಪ್ರತಿಶತ ಎಂದು, ಕೊನೆಗೆ ವೀಲಿನ ಇಂಚು): 245/50 ಆರ್18ರಲ್ಲಿ ಟೈರಿನ ಪಕ್ಕದ ಎತ್ತರ 122.5 ಮಿ.ಮೀ., 245/40 ಆರ್20ರಲ್ಲಿ ಬರೀ 98. ಹೊರಗಿನ ಸುತ್ತಳತೆ ಹೆಚ್ಚುಕಮ್ಮಿ ಒಂದೇ, ಕಮ್ಮಿಯಾದ 24.5 ಮಿ.ಮೀ. ಮೆತ್ತನೆ ರಬ್ಬರ್ ಮಾತ್ರ ನಿಮ್ಮ ಬೆನ್ನಿಗೆ ನಷ್ಟ. ಅದೂ ಗಾಳಿ ಹೋದರೂ ಓಡುವ ರನ್‌ಫ್ಲಾಟ್ ಟೈರ್ ಆದರೆ ಪಕ್ಕ ಇನ್ನೂ ಗಡಸು. ಪಂಕ್ಚರ್ ಆದರೆ ಗಂಟೆಗೆ 80 ಕಿ.ಮೀ. ಮೀರದೆ ಸುಮಾರು 80 ಕಿ.ಮೀ. ಹೋಗಬಹುದು ಎಂಬುದು ಅದರ ಲಾಭ, ಡಿಕ್ಕಿಯಲ್ಲಿ ಸ್ಟೆಪ್ನಿ ಇರುವುದಿಲ್ಲ ಎಂಬುದು ಅದರ ಬೆಲೆ. ಹಳ್ಳದ ರಸ್ತೆಯಲ್ಲಿ ಓಡಿಸುವವರು 18 ಇಂಚೇ ಕೇಳಿ ಪಡೆಯಿರಿ, ಫೋಟೋದಲ್ಲಿ ಕಾರು ಸ್ವಲ್ಪ ಬಡವಾಗಿ ಕಾಣಲಿ.

48 ವೋಲ್ಟ್ ಮೈಲ್ಡ್ ಹೈಬ್ರಿಡ್ (ಎಂಜಿನ್ನಿಗೆ ಕೈಜೋಡಿಸುವ ಪುಟ್ಟ ವಿದ್ಯುತ್ ಮೋಟಾರ್) ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಿಗ್ನಲ್‌ನಲ್ಲಿ ಆಫ್ ಆದ ಎಂಜಿನ್ ಮತ್ತೆ ಚಾಲೂ ಆಗುವಾಗ ಮೊದಲಿದ್ದ ಅದುರು ಈಗಿಲ್ಲ, ಅಷ್ಟೇ ಸಾಕು. ಆದರೆ ಬಾಗಿಲು, ಪರದೆ, ಕಂಪ್ಯೂಟರ್ ಎಲ್ಲ ನಡೆಯುವುದು ಈಗಲೂ 12 ವೋಲ್ಟ್ ಬ್ಯಾಟರಿಯಿಂದ. ದಿನಕ್ಕೆ ಐದಾರು ಕಿ.ಮೀ. ಮಾತ್ರ ಓಡಿಸಿದರೆ ಅದು ಸೊರಗುತ್ತದೆ. ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಆಗುವುದೇ ನಿಂತುಹೋದರೆ ಮೊದಲು ಅನುಮಾನಿಸಬೇಕಾದದ್ದು ಈ ಬ್ಯಾಟರಿಯನ್ನು. ಅಳೆಯುವುದಾದರೆ ಬಾನೆಟ್ ತೆರೆದು, ಕಾರು ಲಾಕ್ ಮಾಡಿ, ಕಂಪ್ಯೂಟರ್‌ಗಳು ಮಲಗಲು ಇಪ್ಪತ್ತು ನಿಮಿಷ ಬಿಟ್ಟು ನೋಡಿ. 12.4 ವೋಲ್ಟಿಗಿಂತ ಕೆಳಗಿದ್ದರೆ ಎಜಿಎಂ (ಇಂಥ ಕಾರುಗಳ ಬ್ಯಾಟರಿಯ ಬಗೆ) ಆಯ್ಕೆಯಿರುವ ಚಾರ್ಜರ್ ಹಾಕಿ. ಬ್ಯಾಟರಿ ಡಿಕ್ಕಿಯಲ್ಲಿದ್ದರೂ ಕ್ಲಿಪ್ ಹಾಕಬೇಕಾದದ್ದು ಬಾನೆಟ್ ಕೆಳಗಿನ ಟರ್ಮಿನಲ್‌ಗೆ. ನೆಗೆಟಿವ್ ತುದಿಯ ಸೆನ್ಸರನ್ನು ದಾಟಿಸಿ ನೇರ ಬ್ಯಾಟರಿಗೇ ಹಾಕಿದರೆ ಒಳಗೆ ಹೋದ ಚಾರ್ಜಿನ ಲೆಕ್ಕ ಕಾರಿಗೆ ಸಿಗುವುದಿಲ್ಲ.

ವರ್ಷದ ಓಟದಲ್ಲಿ ಹೆದ್ದಾರಿಯೇ ಹೆಚ್ಚು ಇರುವವರಿಗೆ, ಹಿಂದೆ ಕೂರುವವರಿಗೆ ಫೇಸ್‌ಲಿಫ್ಟೇ ಸರಿ. ಊರೊಳಗೇ ಓಡಿಸುವವರು, ಸ್ಟೀರಿಂಗ್ ಸ್ವತಃ ಹಿಡಿಯುವವರು ಹಳೆಯ ರೂಪದ ಕೊನೆಯ ವರ್ಷದ ಒಳ್ಳೇ ಕಾರು ಸಿಕ್ಕರೆ ಅದನ್ನೂ ನೋಡಿ ತೀರ್ಮಾನಿಸಿ. ಟೆಸ್ಟ್ ಡ್ರೈವ್‌ನಲ್ಲಿ ವೇಗ ನೋಡುತ್ತ ಸಮಯ ಕಳೆಯಬೇಡಿ. ಖಾಲಿ ಪಾರ್ಕಿಂಗ್‌ಗೆ ಹೋಗಿ, ಸಣ್ಣಗೆ ಹಾಡು ಹಾಕಿ, ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ಹತ್ತು ಸಲ ತಿರುಗಿಸಿ. ಎಷ್ಟು ಸಲ ಹಾಡು ಬದಲಾಯಿತು ಎಂದು ಎಣಿಸಿಕೊಳ್ಳಿ.