ಹಳೇ ಸ್ಪೀಕರ್ ಜೋಡಿ ಕೊಳ್ಳುವ ಮುಂಚೆ ಮುಂದಿನ ಜಾಲರಿ ತೆಗೆಸಿ ನೋಡಿ

ಸೆಕೆಂಡ್ ಹ್ಯಾಂಡ್ ಸ್ಟೀರಿಯೋ ಸ್ಪೀಕರ್ ಕೊಳ್ಳುವ ಯೋಚನೆ ಇದ್ದರೆ ಇದನ್ನು ಓದಿ ಆಮೇಲೆ ಅಡ್ವಾನ್ಸ್ ಕೊಡಿ. ಮಾಡೆಲ್ ಹೆಸರು ಒಂದೇ. ಮರದ ಬಣ್ಣ ಒಂದೇ. ಹಿಂಬದಿ ಅಂಟಿಸಿದ ಚೀಟಿಯೂ ಒಂದೇ ಥರ. ಒಳಗೆ ಮಾತ್ರ ಒಂದು ಡಬ್ಬ ಹಳೇ ವರ್ಷನ್ನು, ಇನ್ನೊಂದು ಆಮೇಲೆ ಬಂದದ್ದು. ಅಂಥ ಜೋಡಿಯನ್ನು ‘ಒರಿಜಿನಲ್ ಹಳೇ ಮಾಡೆಲ್’ ಅಂತ ನನಗೆ ದಾಟಿಸಿದ್ದರು. ದುಡ್ಡು ವಾಪಸ್ ಬರುವಷ್ಟರಲ್ಲಿ ಸಾಕುಸಾಕಾಯಿತು. ಮಾರಿದವರು ಹಳೇ ಆಡಿಯೋ ಸಾಮಾನಿನಲ್ಲಿ ಪಳಗಿದವರು. ಅವರ ಹೆಸರು ಇಲ್ಲಿ ಬೇಡ.

ನನ್ನ ಮುಂದೆ ಇದ್ದದ್ದು ಎರಡು ದಾರಿ: ಅದೇ ಮಾಡೆಲ್‌ನ ಹೊಸ ವರ್ಷನ್ನು, ಇಲ್ಲವೇ ಮೊದಲು ಬಂದ ಹಳೇದು. “ಸಾರ್, ಹೊಸದರಲ್ಲಿ ಏನಿದೆ? ಎಲ್ಲಾ ಖರ್ಚು ಕಮ್ಮಿ ಮಾಡಿದ್ದಾರೆ. ಹಳೇದರ ಬೇಸ್ ಕೇಳಿ, ಆಮೇಲೆ ಮಾತಾಡಿ” ಅಂದರು. ಈ ಮಾತು ಪೂರ್ತಿ ಸುಳ್ಳೇನೂ ಅಲ್ಲ, ಅದಕ್ಕೇ ಅದು ಅಪಾಯ. ಹಳೇ ಸ್ಪೀಕರ್‌ಗಳ ಪೆಟ್ಟಿಗೆ ಸಾಮಾನ್ಯವಾಗಿ ದೊಡ್ಡದು. ಸಣ್ಣ ಪೆಟ್ಟಿಗೆ, ಆಳವಾದ ಬೇಸ್, ಕಡಿಮೆ ಪವರ್‌ನಲ್ಲೇ ಜೋರು ಸದ್ದು, ಈ ಮೂರೂ ಒಟ್ಟಿಗೆ ಸಿಗುವುದಿಲ್ಲ. ಎರಡು ಬೇಕು ಅಂದರೆ ಮೂರನೇದನ್ನು ಬಿಡಬೇಕು. ಹೊಸ ಕಾಲದ ತಯಾರಕರು ಮನೆಯಲ್ಲಿ ಜಾಗ ಇಲ್ಲ ಅಂತ ಪೆಟ್ಟಿಗೆ ಚಿಕ್ಕದು ಮಾಡಿದರು. ಅಲ್ಲಿಗೆ ಆಂಪ್ಲಿಫೈಯರ್ ಮೇಲೆ ಭಾರ ಜಾಸ್ತಿಯಾಯಿತು.

ಆದರೆ ಹೆಸರು ಒಂದೇ ಇದ್ದ ಮಾತ್ರಕ್ಕೆ ಸ್ಪೀಕರ್ ಒಂದೇ ಆಗುವುದಿಲ್ಲ. ಬಿಬಿಸಿಯವರು ತಮ್ಮ ಕೆಲಸಕ್ಕೆಂದು ರೂಪಿಸಿದ ಎಲ್‌ಎಸ್3/5ಎ ನೋಡಿ. ಮೊದಲು 15 ಓಮ್‌ನದು ಬರುತ್ತಿತ್ತು (ಓಮ್ ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ), 1980ರ ದಶಕದ ಕೊನೆಗೆ 11 ಓಮ್ ಆಯಿತು. ಅದರ ಜೊತೆ ಕ್ರಾಸ್‌ಓವರ್, ಅಂದರೆ ಬೇಸನ್ನೂ ತಾರ ಸದ್ದನ್ನೂ ಬೇರೆ ಮಾಡಿ ಹಂಚುವ ಸರ್ಕಿಟ್ ಕೂಡ ಬದಲಾಯಿತು. ಯಾವುದು ಮೇಲು ಅಂತ ಅಭಿಮಾನಿಗಳು ಇವತ್ತಿಗೂ ಜಗಳ ಆಡುತ್ತಾರೆ. ಆದರೆ ಎಡಕ್ಕೆ ಒಂದು, ಬಲಕ್ಕೆ ಇನ್ನೊಂದು ಇಟ್ಟು ಕೇಳುತ್ತೇನೆ ಅನ್ನುವವರು ಯಾರೂ ಇಲ್ಲ. ಜೆಬಿಎಲ್‌ನ ಎಲ್100 ಬಂದದ್ದು 1970ರಲ್ಲಿ. 2018ರಲ್ಲಿ ಎಲ್100 ಕ್ಲಾಸಿಕ್ ಅಂತ ಮತ್ತೆ ಬಂತು, ಮುಂದಿನ ಚೌಕುಳಿ ಫೋಮ್ ನೋಡಿದರೆ ಅದೇ ಮುಖ, ಒಳಗೆ ಹೊಸ ಡ್ರೈವರ್ (ಸದ್ದು ಹೊರಡಿಸುವ ಭಾಗ). ಕೆಇಎಫ್ ಎಲ್‌ಎಸ್50 ಬಂದದ್ದು 2012ರಲ್ಲಿ, ಎಲ್‌ಎಸ್50 ಮೆಟಾ 2020ರಲ್ಲಿ. ಹೊರಗಿನಿಂದ ಅಣ್ಣತಮ್ಮಂದಿರು. ಟ್ವೀಟರ್ (ತಾರ ಸದ್ದಿನ ಸಣ್ಣ ಡ್ರೈವರ್) ಹಿಂದೆ ಸದ್ದನ್ನು ಹೀರುವ ಬಿಲ್ಲೆ ಇರುವುದು ಹೊಸದರಲ್ಲಿ ಮಾತ್ರ. ಜೆಬಿಎಲ್, ಕೆಇಎಫ್ ಕಂಪನಿಗಳು ಹೆಸರಲ್ಲೇ ಗುರುತು ಕೊಟ್ಟಿವೆ, ಸರಿ. ಎಷ್ಟೋ ಮಾಡೆಲ್‌ಗಳಲ್ಲಿ ಅದೂ ಇರುವುದಿಲ್ಲ. ಮಧ್ಯದಲ್ಲಿ ಸದ್ದಿಲ್ಲದೆ ವೂಫರ್ (ಬೇಸ್ ಕೊಡುವ ದೊಡ್ಡ ಡ್ರೈವರ್) ಬದಲಾಗಿರುತ್ತದೆ, ಸೀರಿಯಲ್ ನಂಬರ್ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಅಂಗಡಿಯಲ್ಲಿ ಕೇಳಿಸಿದ ರೀತಿ ಹೇಳುತ್ತೇನೆ. ಹೊಸ ಜೋಡಿ, ಹಳೇ ಜೋಡಿ ಎರಡನ್ನೂ ಒಂದೇ ಆಂಪ್ಲಿಫೈಯರ್‌ಗೆ ಹಾಕಿ ಬಟನ್ ಒತ್ತಿ ಬದಲಾಯಿಸುತ್ತಿದ್ದರು. ವಾಲ್ಯೂಮ್ ಮುಟ್ಟುತ್ತಿರಲಿಲ್ಲ. ನ್ಯಾಯವಾಗಿದೆ ಅನ್ನಿಸುತ್ತೆ ಅಲ್ವಾ? ಇಲ್ಲ. ಹಳೇದರ ಸೆನ್ಸಿಟಿವಿಟಿ ಜಾಸ್ತಿ ಇತ್ತು, ಅಂದರೆ ಅಷ್ಟೇ ವಾಲ್ಯೂಮ್‌ಗೆ ಅದು ಹೆಚ್ಚು ಜೋರು. ಒಂದು ಡೆಸಿಬಲ್ ಜೋರಿದ್ದರೂ ನಮ್ಮ ಕಿವಿ ಅದನ್ನು ‘ಜೋರು’ ಅನ್ನುವುದಿಲ್ಲ, ‘ಚೆನ್ನಾಗಿದೆ’ ಅನ್ನುತ್ತದೆ. 3 ಡೆಸಿಬಲ್ ವ್ಯತ್ಯಾಸ ಇದ್ದರೆ ಒಂದಕ್ಕೆ ಎರಡರಷ್ಟು ಪವರ್ ಕೊಟ್ಟ ಹಾಗೆ. ಸಾಲದ್ದಕ್ಕೆ ಬೇಸ್ ಎತ್ತಿ ಕೊಡುವ ಲೌಡ್‌ನೆಸ್ ಬಟನ್ ಆನ್ ಇತ್ತು, ಬೇಸ್ ತಿರುಪು ಮುಕ್ಕಾಲು ತಿರುಗಿತ್ತು. ಮುಂದಿನ ಜಾಲರಿ ತೆಗೆಯಿರಿ ಅಂದಾಗ, “ಹಳೇ ಕ್ಲಿಪ್ಪು ಸಾರ್, ಮುರಿದರೆ ಸಿಗಲ್ಲ” ಅಂದರು. ಇದೊಂದು ಮಾತು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಮನೆಯಲ್ಲಿ ನಾನು ಬೆರಳು ಹಾಕಿ ಎಳೆದರೆ ಸಲೀಸಾಗಿ ಬಂತು.

ಮನೆಯಲ್ಲಿ ಶುರುವಾದ ತಲೆನೋವು ವಿಚಿತ್ರವಾಗಿತ್ತು. ಹಾಡುವವರ ದನಿ ನಡುಮಧ್ಯದಲ್ಲಿ ನಿಲ್ಲಬೇಕು, ಸ್ಟೀರಿಯೋ ಅಂದರೇನೇ ಅದು. ಇಲ್ಲಿ ದನಿಯ ಮೈ ಮಧ್ಯದಲ್ಲಿ ಇರುತ್ತಿತ್ತು, ‘ಸ’, ‘ಶ’ ಅಕ್ಷರಗಳು ಮಾತ್ರ ಎಲ್ಲಿಂದಲೋ ಚದುರಿ ಬರುತ್ತಿದ್ದವು. ಬಾಯಿ ಒಂದು ಕಡೆ, ನಾಲಗೆ ಇನ್ನೊಂದು ಕಡೆ. ಜೊತೆಗೆ ಬೇಸ್ ಎಡಕ್ಕೆ ವಾಲುತ್ತಿತ್ತು. ಮಾರಿದವರಿಗೆ ಫೋನ್ ಮಾಡಿದರೆ, “ನಿಮ್ಮ ರೂಮಿನ ತೊಂದರೆ” ಅಂದರು. ಇರಬಹುದು ಅಂತ ಎರಡೂ ಡಬ್ಬಗಳನ್ನು ಅದಲುಬದಲು ಮಾಡಿದೆ. ತೊಂದರೆ ರೂಮಿನದಾದರೆ ಬೇಸ್ ಎಡಕ್ಕೇ ವಾಲಬೇಕಿತ್ತು. ಅದು ಡಬ್ಬದ ಜೊತೆ ಬಲಕ್ಕೆ ಬಂತು. ಆಂಪ್ಲಿಫೈಯರ್ ಮೇಲೆ ಅನುಮಾನ ಇದ್ದರೆ ತಂತಿ ಮಾತ್ರ ಬದಲಾಯಿಸಿ ನೋಡಿ. ಹೀಗೆ ಒಂದೊಂದೇ ಬದಲಾಯಿಸುತ್ತಾ ಹೋದರೆ ಕಳ್ಳ ಸಿಕ್ಕೇ ಸಿಗುತ್ತಾನೆ.

ಜಾಲರಿ ತೆಗೆದಾಗ ಕಂಡದ್ದು ಇದು. ಒಂದು ವೂಫರ್‌ನ ಕೋನ್ ಸುತ್ತ ರಬ್ಬರ್ ಅಂಚು. ಇನ್ನೊಂದಕ್ಕೆ ಫೋಮ್ ಅಂಚು. ಬೆರಳು ತಾಗಿಸಿದರೆ ಕಪ್ಪಗೆ ಅಂಟು ಪುಡಿ ಮೆತ್ತಿಕೊಂಡಿತು. ಕೆಳಗಡೆ ಕೂದಲೆಳೆಯಷ್ಟು ಬಿರುಕು, ಅದರ ಮೇಲೆ ಕಪ್ಪು ಅಂಟು ಬಳಿದು ಮುಚ್ಚಿದ್ದರು. ಸ್ಕ್ರೂ ಬಿಚ್ಚಿ ಒಳಗೆ ನೋಡಿದರೆ ಕ್ರಾಸ್‌ಓವರ್ ಬೋರ್ಡುಗಳೂ ಬೇರೆ. ಕಾಯಿಲ್ ಬೇರೆ, ಕೆಪಾಸಿಟರ್ ಬೇರೆ. ಒಂದರಲ್ಲಿ ಟ್ವೀಟರ್‌ಗೆ ಹೋಗುವ ಪ್ಲಸ್ ಮೈನಸ್ ಉಲ್ಟಾ.

ಆ ಉಲ್ಟಾ ತಂತಿ ಯಾರೋ ಮಾಡಿದ ತಪ್ಪಲ್ಲ. 12 ಡೆಸಿಬಲ್ ಇಳಿಜಾರಿನ, ಅಂದರೆ ಬೇಡದ ಸದ್ದನ್ನು ಸಪ್ತಕಕ್ಕೆ 12 ಡೆಸಿಬಲ್‌ನಂತೆ ತಗ್ಗಿಸುವ ಕ್ರಾಸ್‌ಓವರ್‌ನಲ್ಲಿ ವೂಫರ್, ಟ್ವೀಟರ್ ಎರಡೂ ಸೇರುವ ಕಡೆ ಒಂದಕ್ಕೊಂದು ಎದುರುಬದುರಾಗಿ ಕೆಲಸ ಮಾಡುತ್ತವೆ, ಅದಕ್ಕೆ ಟ್ವೀಟರ್ ತಂತಿ ತಿರುಗಿಸಿ ಹಾಕುವುದು ಮಾಮೂಲಿ. ಮುಂದಿನ ವರ್ಷನ್ನಿನಲ್ಲಿ ಇಳಿಜಾರು ಬದಲಾದರೆ ತಂತಿಯೂ ನೇರ ಆಗಬಹುದು. ಆ ಡಬ್ಬ ಅದರ ಪಾಡಿಗೆ ಸರಿ, ಈ ಡಬ್ಬ ಇದರ ಪಾಡಿಗೆ ಸರಿ. ಎರಡನ್ನೂ ಜೋಡಿ ಮಾಡಿದಾಗ ಒಂದು ಟ್ವೀಟರ್ ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ. ‘ಸ’ಕಾರ ಚದುರಿದ್ದು ಅದಕ್ಕೇ.

ಇದನ್ನು ಹೇಳಿದಾಗ ಬಂದ ಉತ್ತರ: “ಸ್ವಲ್ಪ ದಿನ ಓಡಿಸಿ ಸಾರ್, ಬರ್ನ್-ಇನ್ ಆದ್ಮೇಲೆ ಸರಿಹೋಗುತ್ತೆ.” ಪುಡಿಯಾಗುತ್ತಿರುವ ಫೋಮ್ ಓಡಿಸಿದಷ್ಟೂ ಹರಿಯುತ್ತದೆ ಅಷ್ಟೇ.

ಹಳೇದು ಬೇಡವೇ ಬೇಡ ಅಂತಲ್ಲ. ಹಳೇದು ಕೊಳ್ಳುವುದಾದರೆ ಅದರ ವಯಸ್ಸನ್ನೂ ಲೆಕ್ಕಕ್ಕೆ ಹಿಡಿಯಿರಿ. ಫೋಮ್ ಅಂಚು ಸುಮ್ನೆ ಇಟ್ಟರೂ 10ರಿಂದ 20 ವರ್ಷದೊಳಗೆ ಸಾಮಾನ್ಯವಾಗಿ ಕೊಳೆಯುತ್ತದೆ. ಗಾಳಿಯ ತೇವ, ಬಿಸಿಲು ಎರಡೂ ಅದಕ್ಕೆ ಶತ್ರು. ರಬ್ಬರ್ ತುಂಬಾ ಜಾಸ್ತಿ ಬಾಳುತ್ತದೆ. ಫೋಮ್ ಬದಲಾಯಿಸಬಹುದು, ಗೊತ್ತಿದ್ದವರು ಮಾಡಿದರೆ ಚೆನ್ನಾಗಿಯೇ ಆಗುತ್ತದೆ. ವೂಫರ್ ಅನ್ನೇ ಬದಲಾಯಿಸಿದ್ದರೆ ಮಾತ್ರ ಎಚ್ಚರ. ‘ಅದೇ 8 ಇಂಚು’ ಅಂದರೆ ಸಾಲದು, ಆ ಪೆಟ್ಟಿಗೆಗೆ, ಆ ಕ್ರಾಸ್‌ಓವರ್‌ಗೆ ಹೊಂದಬೇಕು. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಣಗಿ ತಮ್ಮ ಲೆಕ್ಕ ತಪ್ಪುತ್ತವೆ. ಕೆಲವು ಟ್ವೀಟರ್‌ಗಳಲ್ಲಿ ಕಾಯಿಲ್ ಸುತ್ತ ಫೆರೋಫ್ಲೂಯಿಡ್ ಅನ್ನುವ ದ್ರವ ತುಂಬಿರುತ್ತಾರೆ, ಅದು ಗಟ್ಟಿಯಾದರೆ ಸದ್ದು ಮಂಕಾಗುತ್ತದೆ. ‘ಹಳೇ ಕಾಲದ ಇಂಪು’ ಅಂತ ಎಷ್ಟೋ ಸಲ ಹೊಗಳುವುದು ಈ ಮಂಕನ್ನೇ.

ಹೊಸದು ಕೊಳ್ಳುವವರೂ ಡಬ್ಬದ ಮೇಲಿನ ಅಂಕಿ ನೋಡಿ ಮರುಳಾಗಬೇಡಿ. ಸೆನ್ಸಿಟಿವಿಟಿಯನ್ನು ಸಾಮಾನ್ಯವಾಗಿ 2.83 ವೋಲ್ಟ್‌ಗೆ ಅಳೆದಿರುತ್ತಾರೆ. 8 ಓಮ್‌ಗೆ ಅದು 1 ವಾಟ್, 4 ಓಮ್‌ಗೆ 2 ವಾಟ್. ಹಾಗಾಗಿ 4 ಓಮ್ ಸ್ಪೀಕರಿನ 90 ಡೆಸಿಬಲ್ ನಿಜದಲ್ಲಿ 1 ವಾಟ್‌ಗೆ 87. ‘8 ಓಮ್’ ಅಂತ ಬರೆದಿದ್ದರೆ ಐಇಸಿ (ವಿದ್ಯುತ್ ಸಾಮಾನುಗಳ ಅಂತರರಾಷ್ಟ್ರೀಯ ಮಾನಕ ಸಂಸ್ಥೆ) ನಿಯಮದ ಪ್ರಕಾರ ಎಲ್ಲೂ 6.4 ಓಮ್‌ಗಿಂತ ಕೆಳಗೆ ಇಳಿಯಬಾರದು, ಬಹಳಷ್ಟು ಇಳಿಯುತ್ತವೆ. ಕನಿಷ್ಠ ಓಮ್ ಎಷ್ಟು ಅಂತ ಕೇಳಿ. ಇನ್ನು ಆ್ಯಪ್ ಇಲ್ಲದೆ ಕೆಲಸ ಮಾಡದ ವೈರ್‌ಲೆಸ್ ಸ್ಪೀಕರ್‌ಗಳ ಆಯುಷ್ಯ ಆ ಆ್ಯಪ್ ಇರುವಷ್ಟೇ.

ನೋಡಲು ಹೋಗುವಾಗ ಜೇಬಲ್ಲಿ ಒಂದು ಟಾರ್ಚ್, ಒಂದು 1.5 ವೋಲ್ಟ್ ಸೆಲ್, ಮಲ್ಟಿಮೀಟರ್ ಇರಲಿ. ಜಾಲರಿ ತೆಗೆಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಂಚು, ಕೋನ್, ನಡುವಿನ ಟೋಪಿ, ಸ್ಕ್ರೂ ಕೂಡ ಒಂದೇ ಥರ ಇರಬೇಕು. ಕೋನ್ ಅನ್ನು ಎರಡೂ ಬದಿ ಬೆರಳಿಟ್ಟು ಸಮನಾಗಿ, ಮೆಲ್ಲಗೆ ಒತ್ತಿ. ಕೆರೆದ ಸದ್ದು ಬಂದರೆ ಕಾಯಿಲ್ ಉಜ್ಜುತ್ತಿದೆ. ಸೆಲ್‌ನ ಪ್ಲಸ್ಸನ್ನು ಸ್ಪೀಕರಿನ ಪ್ಲಸ್‌ಗೆ, ಮೈನಸ್ಸನ್ನು ಮೈನಸ್‌ಗೆ ಒಂದು ಕ್ಷಣ ತಾಗಿಸಿದರೆ ಎರಡೂ ವೂಫರ್ ಒಂದೇ ದಿಕ್ಕಿಗೆ ಚಲಿಸಬೇಕು. ಟ್ವೀಟರ್ ಉಲ್ಟಾ ಇರುವುದು ಇದರಲ್ಲಿ ಗೊತ್ತಾಗಲ್ಲ. ಮೀಟರ್‌ನಲ್ಲಿ 8 ಓಮ್‌ನದು ಸಾಮಾನ್ಯವಾಗಿ 6, 7ರ ಆಸುಪಾಸು ತೋರಿಸುತ್ತದೆ. ನನ್ನ ಜೋಡಿ ಎರಡೂ ಹೆಚ್ಚುಕಮ್ಮಿ ಒಂದೇ ತೋರಿಸಿದ್ದವು, ಹಾಗಾಗಿ ಮೀಟರನ್ನೇ ನಂಬಿ ಕೂರಬೇಡಿ. ಇರುವುದರಲ್ಲಿ ದೊಡ್ಡ ಪರೀಕ್ಷೆ ಮೋನೋ, ಅಂದರೆ ಎರಡೂ ಸ್ಪೀಕರ್‌ಗೆ ಒಂದೇ ಸದ್ದು ಕೊಡುವುದು. ಎರಡೂ ಸ್ಪೀಕರ್ ಹತ್ತಿರ ಹತ್ತಿರ ಇಟ್ಟು, ಒಬ್ಬರೇ ಮಾತಾಡುವ ರೆಕಾರ್ಡಿಂಗನ್ನು ಮೋನೋದಲ್ಲಿ ಹಾಕಿ ನಡುವೆ ಕೂತುಕೊಳ್ಳಿ. ದನಿ ಒಂದೇ ಬಿಂದುವಿನಿಂದ ಬರಬೇಕು. ಅಗಲವಾಗಿ ಹರಡಿದರೆ ಜೋಡಿ ಸರಿಯಿಲ್ಲ.

ದುಡ್ಡಿನ ವಿಷಯದಲ್ಲಿ ನನ್ನನ್ನು ಉಳಿಸಿದ್ದು ಒಂದು ಮೆಸೇಜ್. “ಎರಡೂ ಮೊದಲ ವರ್ಷನ್ನೇ ತಾನೇ?” ಅಂತ ಮುಂಚೆಯೇ ಬರೆದು ಕೇಳಿದ್ದೆ. “ನೂರಕ್ಕೆ ನೂರು ಸಾರ್” ಅಂತ ಅವರೇ ಬರೆದಿದ್ದರು. ಅದನ್ನೂ, ಎರಡು ಕ್ರಾಸ್‌ಓವರ್‌ಗಳನ್ನು ಪಕ್ಕಪಕ್ಕ ಇಟ್ಟ ಫೋಟೋವನ್ನೂ ಕಳಿಸಿದ ಮೇಲೆ ಬರ್ನ್-ಇನ್ ಮಾತು ನಿಂತಿತು. ನೀವೂ ವರ್ಷನ್ ಯಾವುದು, ಸೀರಿಯಲ್ ನಂಬರ್ ಎಷ್ಟು, ಯಾವ ಭಾಗ ಬದಲಾಗಿದೆ ಅಂತ ಬರವಣಿಗೆಯಲ್ಲೇ ಕೇಳಿ. “ಫೋನಲ್ಲಿ ಹೇಳ್ತೀನಿ” ಅನ್ನುವವರನ್ನು ಬಿಟ್ಟುಬಿಡಿ. ನನಗೆ ಸ್ಪೀಕರಿನ ದುಡ್ಡು ಬಂತು, ತರಿಸಿದ ಮತ್ತು ಕಳಿಸಿದ ಸಾಗಣೆ ಖರ್ಚು ಬರಲಿಲ್ಲ.