ನಕ್ಷತ್ರವೋ, ಅಲೆಯೋ? ಯಾವುದರಿಂದ ಶುರು ಮಾಡೋದು?

ದಿಕ್ಸೂಚಿ ಇಲ್ಲದೆ ಪೆಸಿಫಿಕ್ ದಾಟಿದವರ ವಿದ್ಯೆ ತಿಳಿಯಬೇಕು ಅಂತ ಆಸೆಯೇ? ನನ್ನನ್ನು ಕೇಳಿದರೆ ಮೊದಲು ಕೆರೊಲಿನ್ ದ್ವೀಪಗಳ ಪದ್ಧತಿ ಹಿಡಿಯಿರಿ.

ಅಲ್ಲಿ ನಕ್ಷತ್ರವೇ ಮುಖ್ಯ. ನಕ್ಷತ್ರಗಳು ಹುಟ್ಟುವ, ಮುಳುಗುವ ಜಾಗಗಳಿಂದ ದಿಗಂತವನ್ನು 32 ದಿಕ್ಕುಗಳಾಗಿ ನೆನಪಿಡುತ್ತಾರೆ. ಕಲ್ಲುಗಳನ್ನು ವೃತ್ತಾಕಾರದಲ್ಲಿ ಜೋಡಿಸಿ ಮಕ್ಕಳಿಗೆ ಕಲಿಸುತ್ತಾರೆ. ಇನ್ನೊಂದು ಮಜಾ ಇದೆ: ಲೆಕ್ಕ ಹಾಕುವಾಗ ದೋಣಿ ನಿಂತಲ್ಲೇ ಇದೆ, ದ್ವೀಪಗಳೇ ಹಿಂದೆ ಸರಿಯುತ್ತಿವೆ ಅಂತ ಭಾವಿಸುತ್ತಾರೆ. ರೈಲಿನ ಕಿಟಕಿ ನೆನಪಾಗುತ್ತದೆ, ಅಲ್ವಾ? 1976ರಲ್ಲಿ ಇದೇ ಕೆರೊಲಿನ್ ಗುಂಪಿನ ಸತವಾಲ್ ದ್ವೀಪದ ನಾವಿಕ ಮೌ ಪಿಯಾಯ್ಲುಗ್, ಹೊಕುಲೆಅ ಎಂಬ ಜೋಡಿದೋಣಿಯನ್ನು ಹವಾಯಿಯಿಂದ ತಾಹಿತಿಗೆ ಯಾವ ಉಪಕರಣವೂ ಇಲ್ಲದೆ ಮುಟ್ಟಿಸಿದರು. ಅವರೂ ಅಲೆಗಳನ್ನು ಓದುತ್ತಿದ್ದರು, ಸುಮ್ನೆ ಆಕಾಶ ನೋಡಿಕೊಂಡು ಕೂರಲಿಲ್ಲ.

ಮಾರ್ಷಲ್ ದ್ವೀಪಗಳಲ್ಲಿ ಒತ್ತು ಅಲೆಯ ಮೇಲೆ ಜಾಸ್ತಿ. ದ್ವೀಪಕ್ಕೆ ಬಡಿದ ಅಲೆ ಬಾಗುತ್ತದೆ, ತಿರುಗಿ ಬರುತ್ತದೆ. ಆ ಓಲಾಟವನ್ನು ಮೈಯಲ್ಲೇ ಗುರುತಿಸಬೇಕು. ಕಡ್ಡಿಗಳನ್ನು ಕಟ್ಟಿ, ದ್ವೀಪದ ಜಾಗಕ್ಕೆ ಕವಡೆ ಕೂರಿಸಿದ ನಕ್ಷೆ ಅವರದ್ದು. ದಡದಲ್ಲೇ ಅದನ್ನು ಕಲಿತು, ಮನೆಯಲ್ಲೇ ಬಿಟ್ಟು ಹೊರಡುತ್ತಿದ್ದರು!

ಮೋಡ ಕವಿದರೂ ಅಲೆ ಕೈಕೊಡದು. ಆದರೆ ಅದಕ್ಕೆ ಸಮುದ್ರವೇ ಬೇಕು. ನಕ್ಷತ್ರಕ್ಕೆ ನಿಮ್ಮ ಮನೆಯ ತಾರಸಿ ಸಾಕು.