ಭಾನುವಾರದ ಪರ್ಸನಾಲಿಟಿ ವರ್ಕ್‌ಶಾಪ್: ಬೆಳಗ್ಗೆ ಪೈಸಾ ವಸೂಲ್, ಮಧ್ಯಾಹ್ನ ಜಾತಕ

ತಲೆಗೆ 1,800 ರೂಪಾಯಿ. ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆ ಐದರವರೆಗೆ, ಊಟ ಅವರದೇ. ನಾನು ಮತ್ತು ಅಕ್ಕ ಹೋಗಿದ್ದೆವು. ನಡೆಸುವವರ ಹೆಸರು ಹಾಕುತ್ತಿಲ್ಲ. ಬೆಂಗಳೂರಲ್ಲಿ ಇಂಥವು ಬೇಕಾದಷ್ಟಿವೆ, ನೀವು ಹೋಗುವುದು ಇನ್ಯಾವುದಕ್ಕೋ ಇರಬಹುದು. ಒಳಗೆ ಏನಿರುತ್ತದೆ, ದುಡ್ಡು ಕೊಡಬಹುದಾ ಅನ್ನುವುದಷ್ಟನ್ನೇ ಹೇಳುತ್ತೇನೆ.

ಜನರ ಸ್ವಭಾವವನ್ನು ಹದಿನಾರು ಟೈಪುಗಳಾಗಿ ಹಂಚುವ ಮೈಯರ್ಸ್-ಬ್ರಿಗ್ಸ್ ತರಹದ ಫ್ರೀ ಟೆಸ್ಟನ್ನು ಫೋನಲ್ಲಿ ಮಾಡಿ ನಾಲ್ಕಕ್ಷರ ಪಡೆದವರ ಪೈಕಿ ನಾವೂ ಇದ್ದೇವೆ. ನಾನು ಐಎನ್‌ಎಫ್‌ಪಿ, ಅಕ್ಕ ಐಎನ್‌ಎಫ್‌ಜೆ. ಒಂದೇ ಅಕ್ಷರ ವ್ಯತ್ಯಾಸ ಅಲ್ವಾ, ಹಾಗಾಗಿ ಇಬ್ಬರೂ ಹೆಚ್ಚುಕಡಿಮೆ ಒಂದೇ ತರಹ ಅಂದುಕೊಂಡಿದ್ದೆವು. ಅಮ್ಮ ಮಾತ್ರ ಇದನ್ನು ಯಾವತ್ತೂ ಒಪ್ಪಿರಲಿಲ್ಲ.

ಹೇಳಿಕೊಟ್ಟ ಹುಡುಗ ಪೀಠಿಕೆ ಹಾಕಲಿಲ್ಲ. ಟೇಬಲ್ ಮೇಲೆ ಒಂದು ನಿಂಬೆಹಣ್ಣು ಇಟ್ಟ. 'ಐದು ನಿಮಿಷ, ಏನು ತೋಚುತ್ತೋ ಬರೀರಿ' ಅಂದ. ಆಮೇಲೆ ಒಬ್ಬೊಬ್ಬರದೇ ಓದಿಸಿದ. ಪಕ್ಕದಲ್ಲಿದ್ದವರು ಬರೆದದ್ದು: ತೊಟ್ಟಿನ ಹತ್ತಿರ ಹಸಿರು, ಒಂದು ಕಡೆ ಕಂದು ಮಚ್ಚೆ, ಸಿಪ್ಪೆ ತೆಳು, ರಸ ಚೆನ್ನಾಗಿ ಬರುತ್ತೆ. ಹಿಂದಿನ ಸಾಲಿನ ಒಬ್ಬರು ಅಜ್ಜಿಯ ಉಪ್ಪಿನಕಾಯಿ ಭರಣಿ, ಅದರ ಬಾಯಿಗೆ ಕಟ್ಟುತ್ತಿದ್ದ ಬಿಳಿ ಬಟ್ಟೆ ಅಂತ ಅರ್ಧ ಪುಟ ಬರೆದಿದ್ದರು. ನಾನು ಆಯುಧಪೂಜೆಯಲ್ಲಿ ಚಕ್ರದಡಿ ಪಚಕ್ ಅನ್ನುವ ಸದ್ದಿನಿಂದ ಶುರುಮಾಡಿ, ಅಂಗಡಿ ಬಾಗಿಲಲ್ಲಿ ಮೆಣಸಿನಕಾಯಿ ಜೊತೆ ತೂಗುವ ನಿಂಬೆ, ಪಾತ್ರೆ ಸೋಪಿನ ಜಾಹೀರಾತು, ಸ್ಕೂಲಲ್ಲಿ ನಿಂಬೆರಸದಲ್ಲಿ ಬರೆದ ಗುಟ್ಟಿನ ಚೀಟಿ ಅಂತ ಎಲ್ಲೆಲ್ಲೋ ಹೋಗಿಬಿಟ್ಟಿದ್ದೆ. ಅಕ್ಕ ಬರೆದದ್ದು ಒಂದೇ ಸಾಲು: 'ಹಿಂಡಿದ ಮೇಲೆ ಯಾರಿಗೂ ಬೇಡ.' ಇಡೀ ಹಾಲ್ ನಕ್ಕಿತು. ನಾನು ನಗಲಿಲ್ಲ, ಸ್ವಲ್ಪ ಗಾಬರಿಯಾಯಿತು.

ಈ ನಾಲ್ಕೂ ಗ್ರಹಿಸುವ ಬಗೆಗಳಂತೆ. ಮೊದಲ ಎರಡು ಸೆನ್ಸಿಂಗ್: ಕಣ್ಣಮುಂದೆ ಇರುವುದನ್ನು ಹಿಡಿಯುವುದು ಹೊರಮುಖ, ಹಿಂದೆ ಕಂಡುಂಡದ್ದರ ಜೊತೆ ತಾಳೆ ನೋಡುವುದು ಒಳಮುಖ. ಕೊನೆಯ ಎರಡು ಇಂಟ್ಯೂಷನ್: ಒಂದರಿಂದ ಹತ್ತಕ್ಕೆ ಹಾರುವುದು ಹೊರಮುಖ, ಹತ್ತನ್ನು ಒಂದಕ್ಕೆ ಇಳಿಸುವುದು ಒಳಮುಖ. ತೀರ್ಮಾನ ಮಾಡುವುದಕ್ಕೂ ಹೀಗೇ ಥಿಂಕಿಂಗ್ ಎರಡು, ಫೀಲಿಂಗ್ ಎರಡು. ಒಟ್ಟು ಎಂಟು. ಇದರ ಬೇರು ಸ್ವಿಟ್ಜರ್ಲೆಂಡಿನ ಕಾರ್ಲ್ ಯುಂಗ್ 1921ರಲ್ಲಿ ಜರ್ಮನ್ ಭಾಷೆಯಲ್ಲಿ ತಂದ ಪುಸ್ತಕದಲ್ಲಿದೆ. ಹದಿನಾರು ಟೈಪು ಅವರದಲ್ಲ. ಅದು ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಮಗಳು ಇಸಬೆಲ್ ಮೈಯರ್ಸ್ ಆಮೇಲೆ ಕಟ್ಟಿದ್ದು. ಅಮ್ಮ-ಮಗಳಿಬ್ಬರೂ ಮನಶ್ಶಾಸ್ತ್ರ ಓದಿದವರಲ್ಲ. ಎರಡನೇ ಮಹಾಯುದ್ಧದ ಹೊತ್ತಲ್ಲಿ, ಜನಕ್ಕೆ ಒಗ್ಗುವ ಕೆಲಸ ಸಿಗಲಿ ಅಂತ ಮಗಳು ಪ್ರಶ್ನೆಪಟ್ಟಿ ಶುರುಮಾಡಿದ್ದು.

ಆಮೇಲೆ ಹುಡುಗ ನಮ್ಮಿಬ್ಬರನ್ನೇ ಬೋರ್ಡಿನ ಹತ್ತಿರ ಕರೆದ. ಐ ಅಂದರೆ ಒಳಮುಖ, ಎನ್ ಅಂದರೆ ಇಂಟ್ಯೂಷನ್, ಎಫ್ ಅಂದರೆ ಫೀಲಿಂಗ್. ಕೊನೆಯ ಅಕ್ಷರ ಹೇಳುವುದು, ನಿಮ್ಮ ಯಾವ ಸಾಮರ್ಥ್ಯ ಹೊರಕ್ಕೆ ತಿರುಗಿದೆ ಅಂತ: ಪಿ ಆದರೆ ಗ್ರಹಿಸುವುದು, ಜೆ ಆದರೆ ತೀರ್ಮಾನ ಮಾಡುವುದು. ಅದೊಂದು ಬದಲಾದರೆ ಇಡೀ ಸಾಲೇ ಬದಲಾಗುತ್ತದೆ. ನನ್ನದು ಒಳಮುಖ ಫೀಲಿಂಗ್ ಮೊದಲು, ಆಮೇಲೆ ಹೊರಮುಖ ಇಂಟ್ಯೂಷನ್, ಒಳಮುಖ ಸೆನ್ಸಿಂಗ್, ಕೊನೆಗೆ ಸೊರಗಿದ ಹೊರಮುಖ ಥಿಂಕಿಂಗ್. ಅಕ್ಕನದು ಒಳಮುಖ ಇಂಟ್ಯೂಷನ್, ಹೊರಮುಖ ಫೀಲಿಂಗ್, ಒಳಮುಖ ಥಿಂಕಿಂಗ್, ಕೊನೆಗೆ ಹೊರಮುಖ ಸೆನ್ಸಿಂಗ್. ಮೂರಕ್ಷರ ಒಂದೇ, ಆದರೆ ನಾಲ್ಕರಲ್ಲಿ ಒಂದೂ ಹೊಂದುವುದಿಲ್ಲ! ಅಮ್ಮನಿಗೆ ಫೋನ್ ಮಾಡಿ ಹೇಳಬೇಕು ಅನಿಸಿತು.

ನನಗೆ ತಕ್ಷಣ ನೆನಪಾದದ್ದು ಫ್ರಿಜ್ ಕೊಂಡ ಕಥೆ. ನಾನು ಮೂರು ವಾರ ಒಂದಾದ ಮೇಲೊಂದು ಮಾಡೆಲ್ ತೆಗೆದು ನೋಡುತ್ತಲೇ ಇದ್ದೆ, ಪ್ರತಿಯೊಂದಕ್ಕೂ 'ಹೀಗೂ ಮಾಡಬಹುದಲ್ಲಾ' ಅಂತ ಒಂದು ದಾರಿ ಕಾಣುತ್ತಿತ್ತು. ಅಂಗಡಿಯವನು ಸಾವಿರ ಸಲ ಹೇಳಿದರೂ ಬಣ್ಣ ಮನಸ್ಸಿಗೆ ಹಿಡಿಸದಿದ್ದರೆ ಅದು ಬೇಡ ಅಂದರೆ ಬೇಡವೇ. ಅಕ್ಕ ಒಂದು ದಿನ ಬಂದಳು, 'ಇದೇ' ಅಂದಳು. ಯಾಕೆ ಅಂದರೆ ಹೇಳಲಿಲ್ಲ, ಆದರೆ ಅಮ್ಮನಿಗೆ ಬಗ್ಗೋಕೆ ಕಷ್ಟ ಆಗುತ್ತಾ, ಭಾವನಿಗೆ ಸರಿನಾ ಅಂತ ಎಲ್ಲರನ್ನೂ ಕೇಳಿಯೇ ದುಡ್ಡು ಕೊಟ್ಟಳು. ನನ್ನ ಸೊರಗಿದ ನಾಲ್ಕನೆಯದಕ್ಕೆ ಸಾಕ್ಷಿ ಪ್ರತಿ ವರ್ಷ ಜುಲೈ 31ರ ರಾತ್ರಿ ನಾನು ತುಂಬುವ ಐಟಿ ರಿಟರ್ನ್ಸ್. ಅವಳದಕ್ಕೆ ಸಾಕ್ಷಿ ತಳಹಿಡಿದ ಹಾಲಿನ ಪಾತ್ರೆಗಳು.

ಥಿಂಕಿಂಗ್ ಎರಡಕ್ಕೆ ಕೊಟ್ಟ ಉದಾಹರಣೆಯೂ ಚೆನ್ನಾಗಿತ್ತು. ರಸ್ತೆಯಲ್ಲಿ ಬೈಕ್ ನಿಂತಿತು. ಹೊರಮುಖದವನು ಗಡಿಯಾರ ನೋಡಿ ಮೆಕ್ಯಾನಿಕ್‌ಗೆ ಫೋನ್ ಮಾಡಿ ಆಟೋ ಹತ್ತುತ್ತಾನೆ. ಒಳಮುಖದವನು ಫುಟ್‌ಪಾತ್ ಮೇಲೆ ಕೂತು ಸ್ಪಾರ್ಕ್ ಪ್ಲಗ್ ಬಿಚ್ಚುತ್ತಾನೆ, ಆಫೀಸು ಮರೆತೇ ಹೋಗಿರುತ್ತದೆ.

ಇಲ್ಲಿಗೆ ನಿಲ್ಲಿಸಿದ್ದರೆ ಕಣ್ಣುಮುಚ್ಚಿ ಐದು ಸ್ಟಾರ್ ಕೊಡುತ್ತಿದ್ದೆ.

ಬಿಸಿಬೇಳೆಬಾತ್ ತಿಂದು ಬಂದ ಮೇಲೆ ಹುಡುಗನ ವರಸೆಯೇ ಬದಲಾಯಿತು. ಯಾವ ಟೈಪಿಗೆ ಯಾವ ಟೈಪು ಮದುವೆಗೆ ಸರಿ ಅಂತ ಬಣ್ಣದ ಚಾರ್ಟ್ ತೆಗೆದ. 36 ಗುಣ ಕೂಡಿಸಿದ ಹಾಗೇ, ಪಂಚಾಂಗ ಒಂದಿರಲಿಲ್ಲ ಅಷ್ಟೇ. ಎಚ್‌ಆರ್‌ನಲ್ಲಿ ಇರುವ ಒಬ್ಬರು ಇಂಟರ್ವ್ಯೂನಲ್ಲಿ ಇದನ್ನು ಬಳಸಬಹುದಾ ಅಂತ ಕೇಳಿದರು. 'ಖಂಡಿತ' ಅಂದ. ಇದು ತಪ್ಪು ಸ್ವಾಮಿ. ಮೂಲ ಮೈಯರ್ಸ್-ಬ್ರಿಗ್ಸ್ ಟೆಸ್ಟ್ ಮಾರುವವರೇ ಕೆಲಸಕ್ಕೆ ಜನರನ್ನು ಆರಿಸಲು ಬಳಸಬೇಡಿ ಅನ್ನುತ್ತಾರೆ.

ಇನ್ನೊಂದು, ಇದೆಲ್ಲ ಸಾಬೀತಾದ ವಿಜ್ಞಾನ ಅನ್ನುವ ಧಾಟಿಯಲ್ಲೇ ಮಾತಾಡಿದ. ಅಲ್ಲ. 1989ರಲ್ಲೇ ಮೆಕ್‌ಕ್ರೇ ಮತ್ತು ಕೋಸ್ಟಾ ಅನ್ನುವ ಇಬ್ಬರು ಸಂಶೋಧಕರು ನೋಡಿದ್ದಾರೆ: ಜನ ಬೇರೆ ಬೇರೆ ಡಬ್ಬಿಗಳಾಗಿ ಒಡೆದು ಕಾಣಲಿಲ್ಲ, ಈ ಟೆಸ್ಟಿನ ನಾಲ್ಕು ಅಳತೆಗಳು, ಸ್ವಭಾವವನ್ನು ಐದು ಅಳತೆಗಳಲ್ಲಿ ನೋಡುವ ಬಿಗ್ ಫೈವ್‌ನ ನಾಲ್ಕರ ಜೊತೆ ಹೊಂದುತ್ತಿದ್ದವು. ಕೆಲವು ವಾರ ಬಿಟ್ಟು ಮತ್ತೆ ಟೆಸ್ಟ್ ಮಾಡಿದರೆ ಬೇರೆ ಅಕ್ಷರ ಬರುವವರೂ ಕಡಿಮೆಯಿಲ್ಲ. ನನಗೇ ಹೋದ ದೀಪಾವಳಿಯಲ್ಲಿ ಐಎನ್‌ಟಿಪಿ ಬಂದಿತ್ತು. ಹಾಗಂತ ಬೆಳಗಿನದು ಸುಳ್ಳಾಗಲಿಲ್ಲ, ಅಕ್ಕನ ತಲೆ ಯಾಕೆ ಹಾಗೆ ಓಡುತ್ತದೆ ಅಂತ ಮಾತಾಡಲು ನಮಗೆ ಪದಗಳು ಸಿಕ್ಕಿದವು. ನಿಂಬೆಹಣ್ಣಿನ ಆಟವನ್ನು ಮನೆಯಲ್ಲೇ ಐದು ರೂಪಾಯಿಯಲ್ಲಿ ಆಡಬಹುದು ಅನ್ನುವುದು ಬೇರೆ ಮಾತು.

5ಕ್ಕೆ 3. ಹೋಗುವುದಾದರೆ ಊಟ ಮಾಡಿ ಎದ್ದು ಬನ್ನಿ.

ಸಂಜೆ ಬಾಗಿಲ ಹತ್ತಿರ ಎರಡನೇ ಲೆವೆಲ್‌ಗೆ 12,000 ಅಂತ ಫಾರ್ಮ್ ಹಿಡಿದು ನಿಂತಿದ್ದರು. ನಾನು ಮನಸ್ಸಿಗೆ ಬರಲಿಲ್ಲ ಅಂದವನೇ ಗಾಡಿ ತೆಗೆಯಲು ಹೋದೆ. ಅಕ್ಕ ಬರಲು ಹತ್ತು ನಿಮಿಷ ತಡವಾಯಿತು. ಮನೆ ಮುಟ್ಟಿದ ಮೇಲೆ ಬಾಯಿಬಿಟ್ಟಳು, ಅಡ್ವಾನ್ಸ್ ಕೊಟ್ಟುಬಿಟ್ಟಿದ್ದಾಳೆ.

'ಏನ್ ಮಾಡ್ಲೋ, ಪಾಪ ಬೆಳಗ್ಗೆಯಿಂದ ಆ ಹುಡುಗ ನಿಂತೇ ಮಾತಾಡಿದಾನೆ.'